ಎತ್ತರದ ತೋಟ, ಕೆಂಪು ವೈನು: ಮೆಂಡೋಸಾದ ಒಂದು ಬೆಳೆಗಾರ ಕುಟುಂಬದ ಪ್ರಯೋಗ

ಕಾಫಿ ಬೆಳೆಗಾರರಿಗೆ ಎತ್ತರದ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನ ತೋಟದಲ್ಲಿ ಅರೇಬಿಕಾ ಹಣ್ಣು ನಿಧಾನವಾಗಿ ಬಲಿಯುತ್ತದೆ, ಬೀಜ ಗಟ್ಟಿಯಾಗಿರುತ್ತದೆ, ಕುಡಿದಾಗ ರುಚಿಯೇ ಬೇರೆ. ಆದರೆ ಆ ವ್ಯತ್ಯಾಸಕ್ಕೆ ತಕ್ಕ ಬೆಲೆ ಬೆಳೆಗಾರನ ಕೈ ಸೇರುತ್ತದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಮೇಲಿನ ತೋಟದ ಕಾಫಿಯೂ ಕೆಳಗಿನ ತೋಟದ ಕಾಫಿಯೂ ಒಂದೇ ಗೋದಾಮಿನಲ್ಲಿ ಒಂದೇ ರಾಶಿಗೆ ಬಿದ್ದರೆ ಎತ್ತರದ ಗುಣ ಅಲ್ಲಿಗೆ ಮುಗಿದಂತೆಯೇ.

ಇದೇ ಪ್ರಶ್ನೆಯನ್ನು ದ್ರಾಕ್ಷಿ ಬೆಳೆಯಲ್ಲಿ ಎದುರಿಸಿ, ಮೂವತ್ತು ನಲವತ್ತು ವರ್ಷಗಳ ಕಾಲ ಅದಕ್ಕೆ ಉತ್ತರ ಹುಡುಕಿದ ಒಂದು ಕುಟುಂಬ ಅರ್ಜೆಂಟೀನಾ ದೇಶದಲ್ಲಿದೆ. ಆ ಕುಟುಂಬದ ವೈನರಿಯ ಹೆಸರು ಕತೇನಾ ಸಪಾತಾ. ಸಮುದ್ರ ಮಟ್ಟದಿಂದ ಸುಮಾರು 1,450 ಮೀಟರ್, ಅಂದರೆ 4,750 ಅಡಿ ಎತ್ತರದಲ್ಲಿರುವ ಅವರ ಆಡ್ರಿಯಾನಾ ಎಂಬ ತೋಟದ ಕೆಂಪು ವೈನು ಇಂದು ಜಗತ್ತಿನ ಉತ್ತಮ ವೈನುಗಳ ಸಾಲಿನಲ್ಲಿ ನಿಂತಿದೆ. ಮದ್ಯಪಾನದ ಪ್ರಚಾರ ಈ ಲೇಖನದ ಉದ್ದೇಶವಲ್ಲ. ಬೆಲೆ ಕುಸಿದ ಬೆಳೆಯೊಂದನ್ನು ಕೈಯಲ್ಲಿ ಹಿಡಿದುಕೊಂಡವರು ಯಾವ ದಾರಿ ಹಿಡಿದರು, ಅದರಲ್ಲಿ ಎತ್ತರದ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಎಂಬುದನ್ನು ನಮ್ಮ ಸದಸ್ಯ ಬೆಳೆಗಾರರ ಮುಂದಿಡುವುದಷ್ಟೇ ಉದ್ದೇಶ.

ಮಳೆ ಕಾಣದ ನಾಡು

ಮೆಂಡೋಸಾ ಪ್ರಾಂತ್ಯವಿರುವುದು ಆಂಡಿಸ್ ಪರ್ವತಶ್ರೇಣಿಯ ಪೂರ್ವದ ಮಗ್ಗುಲಲ್ಲಿ. ಶಾಂತಸಾಗರದ ಕಡೆಯಿಂದ ಬರುವ ಮೋಡಗಳು ಪರ್ವತದ ಆಚೆ ಬದಿಯ ಚಿಲಿ ದೇಶದಲ್ಲಿ ಮಳೆಯಾಗಿ, ನೆತ್ತಿಯ ಮೇಲೆ ಹಿಮವಾಗಿ ಸುರಿದು ಬರಿದಾಗುತ್ತವೆ. ಈಚೆಗೆ ಇಳಿಯುವುದು ಒಣ ಗಾಳಿ ಮಾತ್ರ. ಘಟ್ಟದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುವುದನ್ನು ಬಲ್ಲ ನಮಗೆ ಇದು ಹೊಸದಲ್ಲ. ಆದರೆ ಪ್ರಮಾಣ ಬೇರೆ. ಮೆಂಡೋಸಾದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್, ಅಂದರೆ ಎಂಟು ಇಂಚು. ಆಗುಂಬೆಯಲ್ಲಿ ಜೋರು ಮಳೆಗಾಲದ ಒಂದೇ ದಿನದಲ್ಲಿ ಇಷ್ಟು ಸುರಿಯುವುದುಂಟು.

ಹೀಗಿದ್ದೂ ಅಲ್ಲಿ ಬೇಸಾಯ ನಡೆಯುವುದು ಪರ್ವತದ ಹಿಮ ಕರಗಿ ಹರಿದು ಬರುವ ನೀರಿನಿಂದ. ಸ್ಪೇನಿನವರು ಬರುವ ಮುಂಚೆಯೇ ಅಲ್ಲಿನ ಮೂಲನಿವಾಸಿಗಳಾದ ಉವಾರ್ಪೆ ಜನ ಕಾಲುವೆಗಳನ್ನು ತೋಡಿ ಹೊಲಕ್ಕೆ ನೀರು ಹಾಯಿಸುತ್ತಿದ್ದರು. ಅದೇ ಪದ್ಧತಿ ಬೆಳೆದು ಇಂದಿನ ಕಾಲುವೆ ಜಾಲವಾಗಿದೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿನ ಋತುಗಳು ನಮಗೆ ತಿರುಗುಮುರುಗು: ನಮ್ಮಲ್ಲಿ ಮಳೆ ಹೊಡೆಯುವಾಗ ಅಲ್ಲಿ ಚಳಿಗಾಲ, ದ್ರಾಕ್ಷಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ನಮ್ಮ ಬಾಬಾಬುಡನ್‌ಗಿರಿಯ ತೋಟಗಳೂ ಇಂಥದೇ ಎತ್ತರವನ್ನು ಮುಟ್ಟುತ್ತವೆಯಾದರೂ, ಭೂಮಧ್ಯರೇಖೆಯಿಂದ ಅಷ್ಟು ದೂರವಿರುವ ಮೆಂಡೋಸಾದಲ್ಲಿ ಆ ಎತ್ತರವೆಂದರೆ ಹಿಮ ಬೀಳುವ ಜಾಗ.

ಬೋರ್ಡೋದಿಂದ ಬಂದ ಹಣ್ಣು

ಈ ವೈನಿಗೆ ಬಳಸುವ ದ್ರಾಕ್ಷಿಯ ತಳಿ ಮಾಲ್ಬೆಕ್. ಕಡು ನೇರಳೆ ಬಣ್ಣದ ಸಣ್ಣ ಹಣ್ಣು. ಇದರ ತವರು ಫ್ರಾನ್ಸ್ ದೇಶದ ನೈಋತ್ಯ ಭಾಗ; ಕಾಓರ್ ಪ್ರಾಂತ್ಯದಲ್ಲಿ ಅದೇ ಮುಖ್ಯ ತಳಿ, ಬೋರ್ಡೋದಲ್ಲಿಯೂ ಒಂದು ಕಾಲಕ್ಕೆ ಬಹಳವಾಗಿ ಬೆಳೆಯುತ್ತಿದ್ದರು.

ಬೋರ್ಡೋ ಎಂದೊಡನೆ ಅಡಿಕೆ ಬೆಳೆಗಾರರ ಕಿವಿ ನಿಮಿರುವುದು ಸಹಜ. ಮೈಲುತುತ್ತ ಮತ್ತು ಸುಣ್ಣ ಕಲಸಿ ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಅದೇ ಊರಿನ ದ್ರಾಕ್ಷಿ ತೋಟಗಳಲ್ಲಿ. ದ್ರಾಕ್ಷಿಯ ಬೂಜು ರೋಗವನ್ನು ಅದು ತಡೆಯುತ್ತದೆಂದು ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಪ್ರಕಟಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಹೀಗೆ ನೋಡಿದರೆ ದ್ರಾಕ್ಷಿ ಬೆಳೆಗಾರನಿಗೂ ನಮಗೂ ಹಳೆಯ ನಂಟಿದೆ. ಮೆಂಡೋಸಾದ ಒಣ ಗಾಳಿಯಲ್ಲಿ ಬೂಜು ರೋಗದ ಕಾಟ ಕಡಿಮೆ. ಅಲ್ಲಿನ ಬೆಳೆಗಾರ ಔಷಧಿ ಹೊಡೆಯುವ ಸರದಿ ನಮಗಿಂತ ಎಷ್ಟೋ ಹಗುರ.

ಮಾಲ್ಬೆಕ್ ಮೆಂಡೋಸಾಕ್ಕೆ ಬಂದದ್ದು 1853ರ ಸುಮಾರಿಗೆ. ಅಲ್ಲಿ ಸ್ಥಾಪನೆಯಾದ ಕೃಷಿ ಶಾಲೆಯ ಜವಾಬ್ದಾರಿ ಹೊತ್ತ ಮಿಶೆಲ್ ಪುಜೇ ಎಂಬ ಫ್ರೆಂಚ್ ತಜ್ಞ ತನ್ನ ದೇಶದ ತಳಿಗಳ ಕಡ್ಡಿಗಳನ್ನು ತರಿಸಿ ನೆಡಿಸಿದ. ಇದಾದ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ತೋಟಗಳಿಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಬಿದ್ದು ಬಳ್ಳಿಗಳು ಲಕ್ಷಗಟ್ಟಲೆ ಸತ್ತವು. ಅಲ್ಲಿ ಮತ್ತೆ ನೆಡುವಾಗ ಮಾಲ್ಬೆಕ್ ಹಿಂದೆ ಬಿತ್ತು. ಅಳಿದುಳಿದದ್ದನ್ನು 1956ರ ಘೋರ ಹಿಮಪಾತ ಕೊಂದಿತು. ಹೇನು ಬೀಳುವ ಮೊದಲೇ ಕಡಲು ದಾಟಿದ್ದ ಕಡ್ಡಿಗಳ ಸಂತತಿ ಮಾತ್ರ ಮೆಂಡೋಸಾದಲ್ಲಿ ಉಳಿಯಿತು.

ಕೊಯ್ಲಿನ ಕೂಲಿಯೂ ಹುಟ್ಟದ ವರ್ಷ

ನಿಕೋಲಾ ಕತೇನಾ ಇಟಲಿಯಿಂದ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಬಂದದ್ದು 1898ರಲ್ಲಿ. 1902ರಲ್ಲಿ ಮೆಂಡೋಸಾದಲ್ಲಿ ತನ್ನ ಮೊದಲ ದ್ರಾಕ್ಷಿ ತೋಟ ಹಾಕಿದ. ಮಗ ದೊಮಿಂಗೊ ಅದನ್ನು ಬೆಳೆಸಿ ದೊಡ್ಡ ವಹಿವಾಟು ಮಾಡಿದ. ದೊಮಿಂಗೊನ ಹೆಂಡತಿ ಆಂಜೆಲಿಕಾ ಸಪಾತಾ. ಎರಡೂ ಮನೆತನಗಳ ಹೆಸರು ಸೇರಿ ಇಂದಿನ ವೈನರಿಯ ಹೆಸರಾಗಿದೆ.

ಆ ಕಾಲದ ಅರ್ಜೆಂಟೀನಾದಲ್ಲಿ ವೈನೆಂದರೆ ದಿನನಿತ್ಯದ ಊಟದ ಜೊತೆಯ ಪಾನೀಯ. 1970ರ ಆಸುಪಾಸಿನಲ್ಲಿ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 90 ಲೀಟರ್ ವೈನು ಖರ್ಚಾಗುತ್ತಿತ್ತು. ಬೇಕಾಗಿದ್ದುದು ಪ್ರಮಾಣ, ಗುಣವಲ್ಲ. ಚಪ್ಪರಕ್ಕೆ ಹಬ್ಬಿಸಿ, ಕಾಲುವೆಯ ನೀರನ್ನು ತುಂಬ ಹಾಯಿಸಿ, ಹೆಚ್ಚು ಇಳುವರಿ ಕೊಡುವ ಗುಲಾಬಿ ಬಣ್ಣದ ಸಾಧಾರಣ ತಳಿಗಳನ್ನು ಬೆಳೆಯುವುದೇ ರೂಢಿ. ಎಲ್ಲರ ಹಣ್ಣೂ ಒಂದೇ ತೊಟ್ಟಿಗೆ. ಬೆಳೆ ಹೆಚ್ಚಾದ ವರ್ಷ ಬೆಲೆ ಇಲ್ಲ, ಬೆಲೆ ಇದ್ದ ವರ್ಷ ಬೆಳೆ ಇಲ್ಲ.

1960ರ ದಶಕದ ಒಂದು ವರ್ಷ ದ್ರಾಕ್ಷಿಯ ಬೆಲೆ ಎಷ್ಟು ಕುಸಿಯಿತೆಂದರೆ, ಹಣ್ಣು ಕೊಯ್ಯಿಸುವ ಕೂಲಿಯೇ ಹಣ್ಣಿನ ಬೆಲೆಗಿಂತ ಹೆಚ್ಚಾಯಿತು. ದೊಮಿಂಗೊ ಅರ್ಥಶಾಸ್ತ್ರ ಓದಿ ಬಂದಿದ್ದ ಇಪ್ಪತ್ತೆರಡು ವರ್ಷದ ಮಗ ನಿಕೋಲಾಸನನ್ನು ಏನು ಮಾಡೋಣವೆಂದು ಕೇಳಿದ. ಕೊಯ್ಯಿಸಿದರೆ ನಷ್ಟ ಹೆಚ್ಚು, ಬಳ್ಳಿಯಲ್ಲೇ ಬಿಡುವುದು ಲೇಸು ಎಂದು ಮಗ ಲೆಕ್ಕ ಹಾಕಿ ಹೇಳಿದ. ಲೆಕ್ಕ ಸರಿಯಾಗಿತ್ತು. ಆದರೆ ವರ್ಷವಿಡೀ ಸಾಕಿದ ಬೆಳೆ ಕಣ್ಣೆದುರು ಕೊಳೆಯುವುದನ್ನು ನೋಡಲು ತಂದೆಗೆ ಮನಸ್ಸು ಒಪ್ಪಲಿಲ್ಲ. ನಷ್ಟವೆಂದು ಗೊತ್ತಿದ್ದೂ ಕೊಯ್ಯಿಸಿದ. ಆ ಕುಟುಂಬದವರು ಇಂದಿಗೂ ಹೇಳುವ ಸಂಗತಿ ಇದು. ಕಾಫಿಯ ಬೆಲೆ ಬಿದ್ದ ವರ್ಷಗಳನ್ನು ಕಂಡ ನಮ್ಮಲ್ಲಿ ಅನೇಕರಿಗೆ ಆ ತಂದೆಯ ಸಂಕಟವನ್ನು ವಿವರಿಸಬೇಕಾಗಿಲ್ಲ.

ಮುಂದೆ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. ಜನ ವೈನು ಕುಡಿಯುವುದು ಕಡಿಮೆಯಾಗುತ್ತ ಬಂತು, ಹಣದುಬ್ಬರ ಮಿತಿಮೀರಿತು. 1970ರ ದಶಕದ ಕೊನೆಯಲ್ಲಿ ದೇಶದಲ್ಲಿ ಸುಮಾರು ಮೂರೂವರೆ ಲಕ್ಷ ಹೆಕ್ಟೇರ್ ಇದ್ದ ದ್ರಾಕ್ಷಿ ತೋಟ 1990ರ ದಶಕದ ಆರಂಭಕ್ಕೆ ಎರಡು ಲಕ್ಷದ ಆಸುಪಾಸಿಗೆ ಇಳಿಯಿತು. ಕಿತ್ತೆಸೆದ ಬಳ್ಳಿಗಳಲ್ಲಿ ಮಾಲ್ಬೆಕ್‌ನದೇ ದೊಡ್ಡ ಪಾಲು. ಇಳುವರಿ ಕಡಿಮೆಯೆಂಬುದೇ ಅದರ ಮೇಲಿನ ದೂರು.

ಮೇಲಕ್ಕೆ ಹೋಗುವ ನಿರ್ಧಾರ

1980ರ ದಶಕದ ಆರಂಭದಲ್ಲಿ ನಿಕೋಲಾಸ್ ಕತೇನಾ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿಗೆ ಹತ್ತಿರದ ನಾಪಾ ಕಣಿವೆಯ ತೋಟಗಳನ್ನು ನೋಡಿದರು. 1976ರಲ್ಲಿ ಪ್ಯಾರಿಸಿನಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಸೀಸೆಯ ಹೆಸರು ಮರೆಮಾಡಿ ರುಚಿ ನೋಡಿಸಿದಾಗ, ಫ್ರೆಂಚ್ ತೀರ್ಪುಗಾರರೇ ಕ್ಯಾಲಿಫೋರ್ನಿಯಾದ ವೈನಿಗೆ ಮೊದಲ ಸ್ಥಾನ ಕೊಟ್ಟಿದ್ದರು. ಹೊಸ ನಾಡಿನವರು ಗುಣದಲ್ಲಿ ಹಳಬರನ್ನು ಸರಿಗಟ್ಟಬಲ್ಲರೆಂದು ಆಗ ರುಜುವಾತಾಗಿತ್ತು. ಮೆಂಡೋಸಾದಲ್ಲಿ ಏಕಾಗಬಾರದು ಎಂದುಕೊಂಡ ನಿಕೋಲಾಸ್ ಹಿಂದಿರುಗಿ ಬಂದು, ಸಾಧಾರಣ ವೈನಿನ ದೊಡ್ಡ ವಹಿವಾಟನ್ನು ಮಾರಿ, ಉತ್ತಮ ವೈನು ಮಾಡುವ ಘಟಕವನ್ನಷ್ಟೇ ಇಟ್ಟುಕೊಂಡರು.

ಮೊದಲ ಪ್ರಯತ್ನಗಳು ಅವರಿಗೆ ಪೂರ್ತಿ ತೃಪ್ತಿ ಕೊಡಲಿಲ್ಲ. ಅವರ ಕೆಂಪು ವೈನನ್ನು ರುಚಿ ನೋಡಿದ ಫ್ರಾನ್ಸಿನ ತಜ್ಞ ಜಾಕ್ ಲ್ಯುರ್ತೋ, ಇದು ನಮ್ಮ ಲಾಂಗ್ದಾಕ್ ಸೀಮೆಯ ವೈನನ್ನು ನೆನಪಿಸುತ್ತದೆ ಎಂದನಂತೆ. ಲಾಂಗ್ದಾಕ್ ಎಂದರೆ ದಕ್ಷಿಣ ಫ್ರಾನ್ಸಿನ ಬಿಸಿಲು ಸೀಮೆ. ಸಕ್ಕರೆ ಬೇಗ ಏರುವ, ಹುಳಿ ಬೇಗ ಇಳಿಯುವ ಜಾಗ. ಮಾತು ಮೆಚ್ಚುಗೆಯಂತಿದ್ದರೂ ಒಳಗೆ ಸೂಚನೆ ಇತ್ತು: ನಿಮ್ಮ ತೋಟಕ್ಕೆ ಶಾಖ ಹೆಚ್ಚು.

ತಂಪು ಬೇಕಾದರೆ ಎರಡೇ ದಾರಿ. ದಕ್ಷಿಣ ಧ್ರುವದ ಕಡೆಗೆ ಹೋಗಬೇಕು, ಇಲ್ಲವೇ ಬೆಟ್ಟ ಹತ್ತಬೇಕು. ನಿಕೋಲಾಸ್ ಬೆಟ್ಟವನ್ನು ಆರಿಸಿಕೊಂಡರು. 1992ರಲ್ಲಿ ಊಕೊ ಕಣಿವೆಯ ತುಪುಂಗಾತೊ ಸೀಮೆಯಲ್ಲಿ, ಗ್ವಾಲ್ತಯಾರಿ ಎಂಬಲ್ಲಿ ಹೊಸ ತೋಟ ಹಾಕಿ ಕಿರಿಯ ಮಗಳ ಹೆಸರಿಟ್ಟರು. ಅಷ್ಟು ಎತ್ತರದಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುವುದೇ ಇಲ್ಲವೆಂದು ಅವರ ಸ್ವಂತ ತೋಟದ ಮೇಲ್ವಿಚಾರಕನೇ ಎಚ್ಚರಿಸಿದ್ದ. ಕಾಲುವೆಯ ನೀರು ಏರು ಜಾಗಕ್ಕೆ ಹತ್ತುವುದಿಲ್ಲ. ಕೊಳವೆ ಬಾವಿ ಮತ್ತು ಹನಿ ನೀರಾವರಿ ಬಂದ ಮೇಲೆಯೇ ಇಂಥ ಜಾಗದಲ್ಲಿ ತೋಟ ಹಾಕುವುದು ಸಾಧ್ಯವಾಯಿತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಎತ್ತರ ಮಾಡುವ ಕೆಲಸ

ಗಿಡದ ಮೇಲೆ ಎತ್ತರದ ಪರಿಣಾಮವನ್ನು ಮೂರು ಬಗೆಯಾಗಿ ಹೇಳಬಹುದು.

ಮೊದಲನೆಯದು ತಂಪು. ನೂರು ಮೀಟರ್ ಮೇಲೇರಿದರೆ ಶಾಖ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕತೇನಾ ಕುಟುಂಬದ ಹಳೆಯ ಆಂಜೆಲಿಕಾ ತೋಟ ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಅಲ್ಲಿಂದ ಆಡ್ರಿಯಾನಾಕ್ಕೆ ಏರಿದರೆ ಸರಾಸರಿ ಮೂರು ಡಿಗ್ರಿಯಷ್ಟು ತಂಪು. ಮೂರು ಡಿಗ್ರಿ ನಮಗೆ ಅಲ್ಪವೆನಿಸಬಹುದು. ಬಳ್ಳಿಗೆ ಅದು ಬೇರೆಯೇ ದೇಶ. ಹಣ್ಣು ತಡವಾಗಿ ಮಾಗುತ್ತದೆ, ಸಕ್ಕರೆ ನಿಧಾನವಾಗಿ ತುಂಬುತ್ತದೆ.

ಎರಡನೆಯದು ಹಗಲಿಗೂ ಇರುಳಿಗೂ ಇರುವ ಅಂತರ. ಒಣ ಗಾಳಿಯಲ್ಲಿ ಹಗಲು ಬಿಸಿಲು ಚುರುಕು, ಸೂರ್ಯ ಮುಳುಗಿದೊಡನೆ ಚಳಿ. ಇರುಳಿನ ಬಿಸಿಗೆ ಹಣ್ಣಿನೊಳಗಿನ ಹುಳಿ ಸವೆಯುತ್ತದೆ. ಇರುಳು ತಂಪಾಗಿದ್ದರೆ ಹುಳಿ ಉಳಿಯುತ್ತದೆ. ಸಿಹಿಯೂ ಹುಳಿಯೂ ಒಟ್ಟಿಗೆ ಇದ್ದರೇ ವೈನಿಗೆ ಜೀವ. ಬರೀ ಸಿಹಿ ಇದ್ದರೆ ಅದು ಸಪ್ಪೆ.

ಮೂರನೆಯದು ಬೆಳಕು. ಮೇಲೇರಿದಂತೆ ಗಾಳಿ ತೆಳುವಾಗಿ, ಸೂರ್ಯನ ಅತಿನೇರಳೆ ಕಿರಣಗಳು ಹೆಚ್ಚಾಗಿ ತಾಗುತ್ತವೆ. ಸಾವಿರ ಮೀಟರಿಗೆ ಸರಿಸುಮಾರು ಶೇಕಡ ಹತ್ತರಷ್ಟು ಹೆಚ್ಚಳ. ಹಣ್ಣು ತನ್ನ ಬೀಜವನ್ನು ಕಾಪಾಡಿಕೊಳ್ಳಲು ಸಿಪ್ಪೆಯಲ್ಲಿ ಬಣ್ಣದ ಮತ್ತು ಒಗರಿನ ಅಂಶಗಳನ್ನು ಹೆಚ್ಚು ತುಂಬಿಕೊಳ್ಳುತ್ತದೆ. ಮೆಂಡೋಸಾದ ಸಂಶೋಧಕರು ಎತ್ತರದ ತೋಟದ ಕೆಲವು ಬಳ್ಳಿಗಳಿಗೆ ಈ ಕಿರಣಗಳನ್ನು ತಡೆಯುವ ಹಾಳೆ ಹೊದಿಸಿ, ಮತ್ತೆ ಕೆಲವನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಿದರು. ಹಾಳೆಯಿಲ್ಲದ ಬಳ್ಳಿಯ ಹಣ್ಣಿನಲ್ಲಿ ಈ ಅಂಶಗಳು ಹೆಚ್ಚಾಗಿದ್ದವು. ಒಗರು ಎಂದರೆ ಏನೆಂದು ಅಡಿಕೆ ಬೆಳೆಗಾರರಿಗೆ ಹೇಳಬೇಕಿಲ್ಲ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಜಾತಿಯ ವಸ್ತುಗಳೇ ಕೆಂಪು ವೈನಿಗೂ ಮೈಕಟ್ಟು ಕೊಡುತ್ತವೆ.

ಇಷ್ಟಾದರೂ ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಒಂದು ಮಿತಿ ದಾಟಿದರೆ ಹಣ್ಣು ಮಾಗುವ ಮೊದಲೇ ಚಳಿ ಬರುತ್ತದೆ. ಅರ್ಜೆಂಟೀನಾದ ಉತ್ತರ ಭಾಗದ ಸಾಲ್ತಾ ಪ್ರಾಂತ್ಯದಲ್ಲಿ ಕೊಲೊಮೆ ಎಂಬ ವೈನರಿಯವರು 3,111 ಮೀಟರ್ ಎತ್ತರದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಆ ಜಾಗ ಭೂಮಧ್ಯರೇಖೆಗೆ ಹೆಚ್ಚು ಸಮೀಪವಿರುವುದರಿಂದ ಅದು ಸಾಧ್ಯವಾಗಿದೆ. ಮೆಂಡೋಸಾದಲ್ಲಿ ಅಷ್ಟು ಮೇಲೆ ಹೋದರೆ ಬರೀ ಕಲ್ಲು ಮತ್ತು ಹಿಮ.

ಗಿಡದ ಆಯ್ಕೆ, ತಾಕಿನ ಲೆಕ್ಕ

ತಂಪು ಜಾಗ ಸಿಕ್ಕಿತು. ಗಿಡ ಎಲ್ಲಿಂದ ತರುವುದು? ಮಾಲ್ಬೆಕ್ ಒಳ್ಳೆಯದೆಂದು ದೊಮಿಂಗೊ ಯಾವಾಗಲೂ ನಂಬಿದ್ದ. ಮಗ ನಿಕೋಲಾಸರಿಗೆ ಆ ನಂಬಿಕೆ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ಅದನ್ನು ಪರೀಕ್ಷಿಸಿಯೇ ನೋಡೋಣವೆಂದು ಹೊರಟರು. ಫ್ರಾನ್ಸಿನಲ್ಲಿ ಆ ತಳಿ ಹೆಚ್ಚುಕಡಿಮೆ ಅಳಿದು ಹೋಗಿದ್ದುದರಿಂದ ಅಲ್ಲಿಂದ ಆಯ್ದ ಸಸಿ ತರಿಸುವುದು ಪ್ರಯೋಜನವಿರಲಿಲ್ಲ. ಹಳೆಯ ಆಂಜೆಲಿಕಾ ತೋಟದಲ್ಲಿ ದಶಕಗಳಿಂದ ನಿಂತಿದ್ದ ಬಳ್ಳಿಗಳನ್ನೇ ಒಂದೊಂದಾಗಿ ನೋಡಿ, ನೂರಕ್ಕೂ ಹೆಚ್ಚು ಬಳ್ಳಿಗಳ ಕಡ್ಡಿ ತೆಗೆದು ಬೇರೆ ನೆಟ್ಟು, ಯಾವುದರ ಗೊಂಚಲು ಸಡಿಲ, ಯಾವುದರ ಹಣ್ಣು ಸಣ್ಣ, ಯಾವುದು ಸಮವಾಗಿ ಮಾಗುತ್ತದೆ ಎಂದು ವರ್ಷಗಟ್ಟಲೆ ಬರೆದಿಟ್ಟರು. ಕೊನೆಗೆ ಆರಿಸಿಕೊಂಡದ್ದು ಬೆರಳೆಣಿಕೆಯ ಬಳ್ಳಿಗಳನ್ನು. ಅವುಗಳ ಸಂತತಿಯನ್ನು ಬೇರೆ ಬೇರೆ ಎತ್ತರದ ತೋಟಗಳಿಗೆ ಕಳಿಸಿದರು. ಅವರ ಹೆಸರಿನ ಮೊದಲ ಮಾಲ್ಬೆಕ್ ವೈನು 1994ರ ಬೆಳೆಯದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಕಾಫಿ ಆಯ್ಕೆಗಳನ್ನು ಬಲ್ಲ ನಮಗೆ ಈ ಕೆಲಸದ ತಾಳ್ಮೆ ಎಷ್ಟೆಂಬುದು ತಿಳಿದದ್ದೇ.

1995ರಲ್ಲಿ ಮಗಳು ಲಾರಾ ಕತೇನಾ ಕುಟುಂಬದ ಕೆಲಸಕ್ಕೆ ಸೇರಿದರು. ಅವರು ಓದಿ ವೈದ್ಯರಾದವರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತುರ್ತು ಚಿಕಿತ್ಸೆಯ ವೈದ್ಯೆಯಾಗಿ ದುಡಿಯುತ್ತಲೇ ವೈನರಿಯಲ್ಲಿ ಒಂದು ಸಂಶೋಧನಾ ವಿಭಾಗವನ್ನು ಕಟ್ಟಿದರು. ಅದೀಗ ಕತೇನಾ ಇನ್‌ಸ್ಟಿಟ್ಯೂಟ್ ಎಂದು ಹೆಸರಾಗಿದೆ. ಆಡ್ರಿಯಾನಾ ತೋಟ ಹಳೆಯ ನದೀಪಾತ್ರದ ಮೇಲಿದೆ. ಒಂದು ಕಡೆ ಮೇಲಿನಿಂದಲೇ ಉರುಟು ಕಲ್ಲು, ಹತ್ತು ಮಾರು ಆಚೆಗೆ ಆಳವಾದ ಮೆಕ್ಕಲು, ಇನ್ನೊಂದು ಕಡೆ ಸುಣ್ಣ ಮತ್ತು ಪ್ರಾಚೀನ ಜಲಚರಗಳ ಪಳೆಯುಳಿಕೆ. ಇವರು ಗುಂಡಿ ತೋಡಿಸಿ ಮಣ್ಣಿನ ಪದರ ನೋಡಿ, ತೋಟವನ್ನು ಸಣ್ಣ ಸಣ್ಣ ತಾಕುಗಳಾಗಿ ವಿಂಗಡಿಸಿದರು. ಪ್ರತಿ ತಾಕಿಗೂ ಬೇರೆ ನೀರು, ಬೇರೆ ಕೊಯ್ಲಿನ ದಿನ, ಬೇರೆ ತೊಟ್ಟಿ. ಕೆಲವು ತಾಕುಗಳ ವೈನನ್ನು ಯಾವುದರ ಜೊತೆಗೂ ಬೆರೆಸದೆ ಆ ತಾಕಿನ ಹೆಸರಿನಲ್ಲೇ ಸೀಸೆಗೆ ತುಂಬುತ್ತಾರೆ.

ಇಲ್ಲಿ ನಮ್ಮ ಸಣ್ಣ ಬೆಳೆಗಾರರು ಗಮನಿಸಬೇಕಾದ ಸಂಗತಿಯೊಂದಿದೆ. ಜಗತ್ತು ಹೆಸರು ಹಿಡಿದು ಕೇಳುವ ಆ ತಾಕುಗಳ ವಿಸ್ತೀರ್ಣ ಕೆಲವೇ ಹೆಕ್ಟೇರ್ ಮಾತ್ರ. ಅಂದರೆ ನಮ್ಮ ಅನೇಕ ಸದಸ್ಯರ ಪೂರ್ತಿ ತೋಟದಷ್ಟು.

ಮಣ್ಣಿನ ಈ ವ್ಯತ್ಯಾಸ ನಿಜವಾಗಿ ವೈನಿಗೆ ಇಳಿಯುತ್ತದೆಯೇ, ಇಲ್ಲವೇ ಮಾರಾಟಗಾರರ ಮಾತೇ ಎಂಬ ಸಂದೇಹ ನ್ಯಾಯವಾದುದು. ಇದನ್ನು ತಿಳಿಯಲು ಮೆಂಡೋಸಾದ ಬೇರೆ ಬೇರೆ ಕಡೆಯ 23 ತಾಕುಗಳಿಂದ 2016, 2017, 2018ರ ಮೂರು ಬೆಳೆಗಳ ಮಾಲ್ಬೆಕ್ ಹಣ್ಣು ತಂದು, ಎಲ್ಲವನ್ನೂ ಒಂದೇ ರೀತಿಯಲ್ಲಿ ವೈನು ಮಾಡಿ, ಅದರ ರಸಾಯನಿಕ ಅಂಶಗಳನ್ನು ಅಳೆದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅಳತೆಯನ್ನು ನೋಡಿಯೇ ವೈನು ಯಾವ ವರ್ಷದ್ದೆಂದು ಹೇಳಬಹುದಾಗಿತ್ತು. ಹಲವು ತಾಕುಗಳನ್ನೂ ಗುರುತಿಸಬಹುದಾಗಿತ್ತು. ಒಂದೇ ತಳಿ, ಒಂದೇ ಮಾಡುವ ಕ್ರಮ. ಬದಲಾದದ್ದು ಜಾಗ ಮತ್ತು ಆ ವರ್ಷದ ಹವೆ.

ವೈನರಿಯ ಒಳಗೆ

ಕಾಫಿಯ ಪಲ್ಪಿಂಗ್ ಮತ್ತು ಹುಳಿಯುವಿಕೆ ತಿಳಿದವರಿಗೆ ಕೆಂಪು ವೈನಿನ ಕೆಲಸ ಕಷ್ಟವೆನಿಸದು. ದ್ರಾಕ್ಷಿಯ ರಸಕ್ಕೆ ಹೆಚ್ಚು ಬಣ್ಣವಿರುವುದಿಲ್ಲ. ಬಣ್ಣ, ಒಗರು ಎಲ್ಲವೂ ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗೆ ತೊಟ್ಟು ಬಿಡಿಸಿದ ಹಣ್ಣನ್ನು ಸಿಪ್ಪೆ ಸಹಿತ ತೊಟ್ಟಿಗೆ ಹಾಕಿ ಹುಳಿಯಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಬಿಡುತ್ತದೆ. ಅನಿಲದ ಬಲಕ್ಕೆ ಸಿಪ್ಪೆಗಳೆಲ್ಲ ಮೇಲೆ ಬಂದು ದಪ್ಪ ಹೆಪ್ಪಿನಂತೆ ನಿಲ್ಲುತ್ತವೆ. ಅದನ್ನು ದಿನವೂ ಕೆಳಕ್ಕೆ ಅದುಮಬೇಕು, ಇಲ್ಲವೇ ಕೆಳಗಿನ ರಸವನ್ನು ಮೇಲೆ ಸುರಿಯಬೇಕು. ಶಾಖ ಮಿತಿಮೀರಿದರೆ ಕೆಲಸ ಕೆಟ್ಟಿತು. ಬೇಕಾದಷ್ಟು ಬಣ್ಣ ಇಳಿದ ಮೇಲೆ ಹಿಂಡಿ, ಓಕ್ ಮರದ ಪೀಪಾಯಿಗಳಲ್ಲಿ ಒಂದು ಎರಡು ವರ್ಷ ಇಟ್ಟು, ಅನಂತರ ಸೀಸೆಗೆ ತುಂಬುತ್ತಾರೆ.

ಈ ಕೆಲಸ ನಡೆಯುವ ಕಟ್ಟಡ ಮೆಂಡೋಸಾ ನಗರದ ದಕ್ಷಿಣಕ್ಕೆ ಅಗ್ರೆಲೊ ಎಂಬಲ್ಲಿದೆ. ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಪಿರಮಿಡ್ಡಿನ ಆಕಾರದಲ್ಲಿ ಕಟ್ಟಿದ ಇದು 2001ರಲ್ಲಿ ಆರಂಭವಾಯಿತು. ಹಣ್ಣು ಒಳಗೆ ಬಂದ ಮೇಲೆ ಗುಣವನ್ನು ಹೆಚ್ಚಿಸುವುದು ಯಾರಿಗೂ ಸಾಧ್ಯವಿಲ್ಲ, ಕೆಡದಂತೆ ನೋಡಿಕೊಳ್ಳಬಹುದು ಅಷ್ಟೆ. ನಮ್ಮ ಕಣದಲ್ಲಿ ಕಾಫಿ ಒಣಗಿಸುವಾಗಲೂ ಮಾತು ಇದೇ. 2023ರಲ್ಲಿ ಈ ವೈನರಿಗೆ ಜಗತ್ತಿನ ಉತ್ತಮ ದ್ರಾಕ್ಷಿ ತೋಟಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು.

ಇನ್ನೊಂದು ಮುಖ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಎತ್ತರಕ್ಕೆ ಹೋದವರಿಗೆ ಅಪಾಯವೂ ಹೆಚ್ಚು. ಬಳ್ಳಿ ಚಿಗುರುವ ಹೊತ್ತಿಗೆ ಹಿಮ ಬಿದ್ದರೆ ಆ ವರ್ಷದ ಬೆಳೆ ಹೋಯಿತು. 2022ರ ಅಕ್ಟೋಬರ್ ಕೊನೆಯಲ್ಲಿ ಬಿದ್ದ ತಡವಾದ ಹಿಮಕ್ಕೆ ಮೆಂಡೋಸಾದ ತೋಟಗಳು ಸುಟ್ಟಂತಾದವು. 2023ರ ಕೊಯ್ಲು ಹಲವು ದಶಕಗಳಲ್ಲೇ ಅತಿ ಕಡಿಮೆಯಾಯಿತು. ಬೇಸಿಗೆಯಲ್ಲಿ ಆಲಿಕಲ್ಲಿನ ಕಾಟ. ಸಾಲು ಸಾಲಿಗೂ ಬಲೆ ಹೊದಿಸಬೇಕು. ಆಂಡಿಸ್‌ನ ಮೇಲೆ ಹಿಮ ಕಡಿಮೆಯಾಗುತ್ತಿರುವುದರಿಂದ ನೀರಿನ ಚಿಂತೆ ಬೆಳೆದಿದೆ. ಮೆಂಡೋಸಾದ ಕೆಲವು ಭಾಗಗಳಲ್ಲಿ ಹೊಸ ಕೊಳವೆ ಬಾವಿಗೆ ನಿರ್ಬಂಧವಿದೆ. ದೇಶದೊಳಗೆ ವೈನಿನ ಖರ್ಚೂ ಇಳಿಯುತ್ತ ಬಂದು, ತಲೆಗೆ ವರ್ಷಕ್ಕೆ 20 ಲೀಟರಿಗೂ ಕೆಳಗೆ ಬಂದಿದೆ.

ಕತೇನಾ ಕುಟುಂಬಕ್ಕೆ ಮಾರಲು ಒಂದು ದೊಡ್ಡ ವಹಿವಾಟಿತ್ತು; ಹೊಸ ತೋಟ ಫಲ ಕೊಡುವವರೆಗೆ ಕಾಯುವ ಶಕ್ತಿಯಿತ್ತು. ನಾಲ್ಕೈದು ಹೆಕ್ಟೇರಿನ ಬೆಳೆಗಾರನಿಗೆ ಅದಿರಲಿಲ್ಲ. ಅಂಥವರಲ್ಲಿ ಅನೇಕರು ತೋಟ ಕಿತ್ತರು, ಮಾರಿದರು. ಉಳಿದವರಿಗೆ ಆಸರೆಯಾದ ಸಂಸ್ಥೆಗಳಲ್ಲಿ ಸಹಕಾರ ಸಂಘಗಳು ಮುಖ್ಯವಾದವು. 1954ರಿಂದ ಪ್ರಾಂತ್ಯ ಸರ್ಕಾರದ ಕೈಯಲ್ಲಿದ್ದ ಹಿಯೋಲ್ ಎಂಬ ಬೃಹತ್ ವೈನರಿಯನ್ನು 1980ರ ದಶಕದ ಕೊನೆಯಲ್ಲಿ ಸರ್ಕಾರ ಬಿಟ್ಟುಕೊಟ್ಟಾಗ, ಅದನ್ನು ವಹಿಸಿಕೊಂಡದ್ದು ಫೆಕೊವಿತಾ ಎಂಬ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘಗಳ ಮಹಾಮಂಡಳ. ಅವರ ಮಾರಾಟ ಮುಖ್ಯವಾಗಿ ಸಾಧಾರಣ ವೈನಿನದು. ಆದರೆ ಸಣ್ಣ ಬೆಳೆಗಾರನ ಹಣ್ಣಿಗೆ ಒಂದು ಬಾಗಿಲು ತೆರೆದಿತ್ತೆಂಬುದು ಸಣ್ಣ ಮಾತಲ್ಲ. ಮೇಲಿನ ಗುಣದ ವೈನು ಒಂದು ಕಡೆ, ಎಲ್ಲರ ಹಣ್ಣನ್ನೂ ಕೊಳ್ಳುವ ಸಂಘ ಇನ್ನೊಂದು ಕಡೆ. ಆ ನಾಡಿನ ಬೆಳೆ ಉಳಿದದ್ದು ಎರಡರಿಂದಲೂ.

ನಮ್ಮ ತೋಟಗಳಿಗೆ ಅನ್ವಯಿಸುವುದೆಷ್ಟು?

ಮಲೆನಾಡಿನಲ್ಲಿ, ಕೊಡಗಿನಲ್ಲಿ ವೈನು ದ್ರಾಕ್ಷಿ ಬೆಳೆಯೋಣವೆಂದು ಯಾರೂ ಹೊರಡಬೇಕಾಗಿಲ್ಲ. ನಮ್ಮ ಮುಂಗಾರಿನ ತೇವದಲ್ಲಿ ಬೂಜು ರೋಗ ಬಳ್ಳಿಯನ್ನು ಬಿಡದು. ಕರ್ನಾಟಕದ ವೈನು ದ್ರಾಕ್ಷಿ ನಂದಿಬೆಟ್ಟದ ತಪ್ಪಲು, ವಿಜಯಪುರದಂಥ ಒಣ ಸೀಮೆಯಲ್ಲಿರುವುದಕ್ಕೆ ಕಾರಣವಿದೆ. ನಾವು ಕಲಿಯಬೇಕಾದ್ದು ಬೆಳೆಯನ್ನಲ್ಲ, ಕ್ರಮವನ್ನು.

ಎತ್ತರ ದೇವರು ಕೊಟ್ಟದ್ದು. ಗ್ವಾಲ್ತಯಾರಿಯ ಬೆಟ್ಟ 1992ಕ್ಕೆ ಮೊದಲೂ ಅಲ್ಲೇ ಇತ್ತು. ಬೆಲೆ ಬಂದದ್ದು, ಆ ಎತ್ತರದ ಯಾವ ಮೂಲೆಯಲ್ಲಿ ಏನು ಬೆಳೆಯುತ್ತದೆಂದು ಅಳೆದು, ಬರೆದು, ಬೇರೆಯಾಗಿ ಕೊಯ್ದು, ಬೇರೆಯಾಗಿ ಇಟ್ಟ ಮೇಲೆ. ನಮ್ಮಲ್ಲಿಯೂ ಹೆಸರಿಗೆ ಕೊರತೆಯಿಲ್ಲ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಶಿರಸಿ ಅಡಿಕೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಹೆಸರು ಚೀಲದ ಮೇಲಿದ್ದರೆ ಸಾಲದು; ಚೀಲದೊಳಗಿರುವುದು ಆ ಜಾಗದ್ದೇ ಎಂದು ತೋರಿಸುವ ದಾಖಲೆ ಬೇಕು.

ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವುದು ನಮಗೆ ಹಿಂದಿನಿಂದ ಬಂದ ವಿದ್ಯೆ. ಅದೇ ಕಣ್ಣನ್ನು ಕಾಫಿಯಲ್ಲಿಯೂ ಬಳಸಬಹುದು. ಸದಸ್ಯರು ಈ ಕೊಯ್ಲಿನಲ್ಲಿ ಮಾಡಿ ನೋಡಬಹುದಾದ ಕೆಲಸಗಳು ಇಷ್ಟೆ:

ಒಂದು, ಮೇಲಿನ ತಾಕು, ಕೆಳಗಿನ ತಾಕು, ನೆರಳು ಹೆಚ್ಚಿರುವ ತಾಕು ಎಂದು ತೋಟವನ್ನು ಎರಡು ಮೂರು ಭಾಗ ಮಾಡಿ, ಹೂಮಳೆ ಬಿದ್ದ ದಿನ, ಹಣ್ಣಾದ ದಿನ, ಸಿಕ್ಕ ತೂಕ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಇದಕ್ಕೆ ಖರ್ಚಿಲ್ಲ.

ಎರಡು, ಒಂದೇ ತಾಕಿನ ಪೂರ್ತಿ ಹಣ್ಣಾದ ಕಾಯಿಯನ್ನಷ್ಟೇ ಕೊಯ್ಯಿಸಿ, ಬೇರೆ ಒಣಗಿಸಿ, ಚೀಟಿ ಹಾಕಿ ಇಡುವುದು. ಎಲ್ಲವನ್ನೂ ಅಲ್ಲ, ಮೊದಲ ವರ್ಷ ಎರಡು ಮೂರು ಚೀಲ ಸಾಕು.

ಮೂರು, ಅಕ್ಕಪಕ್ಕದ, ಒಂದೇ ಎತ್ತರದ ನಾಲ್ಕೈದು ಜನ ಸೇರಿ ತಮ್ಮ ಚೀಲಗಳನ್ನು ಒಟ್ಟಾಗಿ ರುಚಿ ಪರೀಕ್ಷೆಗೆ ಕಳಿಸುವುದು. ಒಬ್ಬರಿಗೆ ಭಾರವಾಗುವ ಖರ್ಚು ಐವರಿಗೆ ಹಂಚಿಹೋಗುತ್ತದೆ. ಸಹಕಾರ ಸಂಘ ಇರುವುದೂ ಇದಕ್ಕೇ.

ಬೇರೆ ಇಟ್ಟ ಕಾಫಿಗೆಲ್ಲ ಹೆಚ್ಚು ಬೆಲೆ ಬಂದೇ ಬರುತ್ತದೆಂದು ಹೇಳುವಂತಿಲ್ಲ. ಕೂಲಿ ಹೆಚ್ಚಾಗುತ್ತದೆ, ಕಣದಲ್ಲಿ ಜಾಗ ಬೇಕಾಗುತ್ತದೆ, ಕೆಲವು ತಾಕುಗಳ ರುಚಿ ಸಾಧಾರಣವೆಂದೇ ಗೊತ್ತಾಗಬಹುದು. ಹಾಗೆ ಗೊತ್ತಾಗುವುದೂ ಲಾಭವೇ. ಆ ತಾಕಿಗೆ ಸಲ್ಲದ ಶ್ರಮವನ್ನು ಮುಂದಿನ ವರ್ಷ ಉಳಿಸಬಹುದು. ಬೆಲೆ ಬಿದ್ದ ವರ್ಷ ರಾಶಿಯ ಬೆಲೆಯೇ ಎಲ್ಲರ ಬೆಲೆ. ತನ್ನ ತಾಕಿನ ಗುಣವನ್ನು ಬಲ್ಲವನಿಗೆ ಮಾತ್ರ ಆ ರಾಶಿಯ ಹೊರಗೆ ನಿಂತು ವ್ಯಾಪಾರಿಯೊಡನೆ ಮಾತನಾಡಲು ಒಂದು ಆಧಾರವಿರುತ್ತದೆ.